ಡಿ ಡ್ರೈವ್ ಒತ್ತುವರಿ ಪ್ರಕರಣ

ಟಕ್... ಟಕ್... ಕಿರ್ರ್... ಟಕ್.

ಲ್ಯಾಪ್‌ಟಾಪಿನ ಬಲಪಕ್ಕೆಯಲ್ಲಿ, ಸೀಡಿ ಹಾಕುವ ಬಾಯಿಯ ಒಳಗಿನಿಂದ ಈ ಸದ್ದು ಬೆಳಿಗ್ಗೆಯಿಂದ ಬರುತ್ತಲೇ ಇತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಒಳಗೆ ಜೀವವಿದೆ, ಮಾತಿಲ್ಲ; ಶೋಭಾರಾಣಿ ಸಿಟ್ಟಾದಾಗ ಇರುವ ಹಾಗೆ. (ಶೋಭಾರಾಣಿ ನನ್ನ ಹೆಂಡತಿ. ಲ್ಯಾಪ್‌ಟಾಪ್ ಅವಳದು. ಸಿಟ್ಟೂ ಅವಳದೇ. ಆ ಹೊತ್ತಿಗೆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಭಯ ಒಂದೇ.)

ಮಾರನೆಯ ದಿನ ಮಾವ ಆವಲಪ್ಪನವರ ಮೊದಲ ವರ್ಷದ ತಿಥಿ. ಅದಕ್ಕೆ ಮುಂಚೆ ನಮ್ಮ ಮದುವೆಯ ವಿಡಿಯೊ ನೋಡಬೇಕೆಂದು ಅತ್ತೆ ಅಮ್ಮಾಜಮ್ಮ ಮೇಲೂರಿನಿಂದ ಫೋನ್ ಮಾಡಿದ್ದರು.

"ಫೋಟೋದಲ್ಲಿ ಸುಮ್ನೆ ಕುಂತಿರ್ತಾರೆ ಕಣಮ್ಮ. ಅವರೇನು ಸುಮ್ನೆ ಕುಂತೋರಾ? ಒಂದ್ಸಲ ನಡೆದಾಡೋದು ನೋಡ್ಬೇಕು, ಅಷ್ಟೇ."

ಫೋನಿಟ್ಟ ಮೇಲೆ ಶೋಭಾ ಗೋಡೆಯ ಕಡೆ ತಿರುಗಿ ನಿಂತದ್ದನ್ನು ನೋಡಿದೆ. ನೋಡಿ ಸುಮ್ಮನಿರಬೇಕಿತ್ತು.

ಬೆಳಿಗ್ಗೆ ಅವಳು ತಾಯಿಯನ್ನು ಕರೆತರಲು ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದಳು: "ರೀ, ಸಂಜೆ ಬಸ್ಸಿಗೆ ಬರ್ತೀವಿ. ಲ್ಯಾಪ್‌ಟಾಪ್ ಟೇಬಲ್ ಮೇಲಿದೆ, ನೋಡ್ಕಳಿ. ನೋಡ್ಕಳಿ ಅಂದ್ರೆ ದೂರದಿಂದ ನೋಡ್ಕಳಿ."

ದೂರದಿಂದಲೇ ನೋಡಿದೆ. ಪಾಪ, ಹಳೆಯ ಯಂತ್ರ, ಪದೇಪದೇ ತಡವರಿಸುತ್ತದೆ. ಮಾವ ನಡೆದು ಬರುವಾಗ ಅರ್ಧದಲ್ಲೇ ನಿಂತುಬಿಟ್ಟರೆ? ಒಂದು ಕಾಲು ಮೇಲೆತ್ತಿಕೊಂಡ ಗಂಡನನ್ನು ಅತ್ತೆ ಎಷ್ಟು ಹೊತ್ತು ನೋಡಬೇಕು? ಹೀಗೆ ಯೋಚಿಸಿ ಕಣ್ಣು ತುಂಬಿಕೊಂಡು, ಅದೇ ಒದ್ದೆ ಕಣ್ಣಿನಲ್ಲಿ ಲ್ಯಾಪ್‌ಟಾಪಿನ ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಸೀ ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಪ್ರತಿಷ್ಠಾಪಿಸುವುದು. ಅದಕ್ಕೆ ಬೇಕಾದ ಪೆನ್‌ಡ್ರೈವ್ ಮೊದಲೇ ಕೊಟ್ಟಿದ್ದವರು ನನ್ನ ಸಹೋದ್ಯೋಗಿ ಮೋಹನ್‌ಬಾಬು. ಕಚೇರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಒಮ್ಮೆ ಹೊರಗೆಳೆದು, ಅಂದಿನಿಂದ ತಜ್ಞರೆನಿಸಿಕೊಂಡವರು.

ಪ್ರತಿಷ್ಠಾಪನೆ ಸಾಂಗವಾಗಿ ನೆರವೇರಿತು. ಬೀರುವಿನಿಂದ ಮದುವೆಯ ಸೀಡಿ ತೆಗೆದು, ಬನಿಯನ್ನಿನ ಅಂಚಿನಿಂದ ಒರೆಸಿ, ಗುಂಡಿ ಒತ್ತಿದೆ. ಬಾಯಿ ತೆರೆಯಲಿಲ್ಲ. ಪರದೆಯಲ್ಲಿ ಹುಡುಕಿದರೆ ಸೀ ಇದೆ, ಡಿ ಇದೆ, ಸೀಡಿ ಇಲ್ಲ!

ಎದೆಯೊಳಗೂ ಟಕ್ ಟಕ್ ಶುರುವಾಯಿತು. ಮೋಹನ್‌ಬಾಬುಗೆ ಫೋನ್ ಮಾಡಿದೆ.

"ಗಾಬರಿ ಬೇಡ ರಮೇಶ್‌ಬಾಬು," ಅಂದರು ಅವರು, ಬೇರೆಯವರ ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ಬರುವ ಧೈರ್ಯದಿಂದ. "ಹೊಸ ವಿಂಡೋಸ್ ಹಾಕ್ದಾಗ ಹಿಂಗಾಗ್ತದೆ. ಒಳಗೆ ಅಪ್ಪರ್ ಫಿಲ್ಟರ್, ಲೋಯರ್ ಫಿಲ್ಟರ್ ಅಂತ ಎರಡಿರ್ತವೆ. ಎರಡನ್ನೂ ತೆಗೆದ್ಬಿಡಿ."

"ಕಾಫಿ ಫಿಲ್ಟರ್ ಥರಾನಾ?"

"ಅದೇ ಅನ್ಕಳಿ."

ನಮ್ಮ ಅಡುಗೆಮನೆಯ ಕಾಫಿ ಫಿಲ್ಟರಿನ ಮೇಲಿನದೂ ಕೆಳಗಿನದೂ ಹೋದ ವಾರ ಬಿಗಿದುಕೊಂಡಿದ್ದವು. ಅವನ್ನು ಬಿಡಿಸಲು ನಾನು ಇಕ್ಕಳ ಹಿಡಿದ ದಿನದಿಂದ ನಾವು ಟೀ ಕುಡಿಯುತ್ತಿದ್ದೇವೆ.

ಅವರು ಹೇಳಿದ ಜಾಗದಲ್ಲೆಲ್ಲ ಹುಡುಕಿದೆ. ಯಾವ ಫಿಲ್ಟರೂ ಇರಲಿಲ್ಲ. ಮುಂದಿನ ಸಲಹೆ ಶಸ್ತ್ರಚಿಕಿತ್ಸೆ: ಬಾಯಿಯ ಮೇಲೆ ಸೂಜಿಮೊನೆಯಷ್ಟು ತೂತಿರುತ್ತದೆ, ಅದರೊಳಗೆ ಪಿನ್ನು ಚುಚ್ಚಿದರೆ ತಾನಾಗಿ ತೆರೆಯುತ್ತದಂತೆ. ಶೋಭಾಳ ಸೀರೆ ಪಿನ್ನು ತಂದು ಚುಚ್ಚಿದೆ. ಪಿನ್ನು ಒಳಗೆ ಹೋಯಿತು, ಹೋಗುತ್ತಲೇ ಇತ್ತು. ಒಳಗಿನಿಂದ 'ಕಿರ್ರ್' ಅಂತ ಯಾರೋ ನರಳಿದ ಹಾಗೆ ಕೇಳಿ ಕಿತ್ತುಕೊಂಡೆ.

ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಯಿತು. ಬಿಸಿಲು ಎದುರುಮನೆಯ ಗೋಡೆ ಹತ್ತಿತು. ಬೀದಿಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ ನಾನು ಎದ್ದು ನಿಂತೆ.

ಕೊನೆಗೆ ಮೋಹನ್‌ಬಾಬು ತೀರ್ಪು ಕೊಟ್ಟರು. "ಆ ಡಿ ಅಂತ ಒಂದೈತಲ್ಲ, ಅದೇ ನಿಮ್ಮ ಸೀಡಿ ಜಾಗ ಹಿಡ್ಕಂಡಿರೋದು. ಅದನ್ನ ಫಾರ್ಮ್ಯಾಟ್ ಮಾಡಿ ಖಾಲಿ ಮಾಡ್ಸಿ. ಸೀಡಿ ತಾನಾಗಿ ಬರ್ತದೆ."

ಒತ್ತುವರಿ! ನಾನು ಸರ್ವೆ ಕಚೇರಿಯ ಗುಮಾಸ್ತ. ದಿನಾ ಅದನ್ನೇ ಬರೆಯುವವನು. ಬೆಳಿಗ್ಗೆಯೇ ಹೊಳೆಯಬಾರದಿತ್ತೆ? ಡಿಯನ್ನು ಆರಿಸಿದೆ. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ?' ಎಂದು ಯಂತ್ರ ಕೇಳಿತು. ಯಾವ ಒತ್ತುವರಿದಾರನೂ ಹೀಗೇ ಗೋಳಾಡುತ್ತಾನೆ. ಒಪ್ಪಿಗೆ ಒತ್ತಲು ಬೆರಳು ಎತ್ತಿದೆ.

"ರೀ!"

ಬಾಗಿಲಲ್ಲಿ ಶೋಭಾ. ಹಿಂದೆ ಅತ್ತೆ, ಮಡಿಲಲ್ಲಿ ಹೂವಿನ ಪೊಟ್ಟಣ.

"ಏನ್ ಮಾಡ್ತಿದೀರಿ?"

"ಸೀಡಿ ಡ್ರೈವ್ ಕಾಣ್ತಿಲ್ಲ ಕಣೇ. ಹೊಸ ವಿಂಡೋಸ್ ಹಾಕ್ದೆ, ಆಮೇಲೆ..."

"ಸೀಡಿ ಡ್ರೈವ್ ಎಲ್ಲೈತ್ರೀ ಅದ್ರಲ್ಲಿ?" ಅವಳು ಒಳಗೆ ನುಗ್ಗಿದಳು. "ಹೋದ ದೀಪಾವಳಿ ರಜದಲ್ಲಿ ಚಿಂತಾಮಣೀಲಿ ಕೊಟ್ಟು ತೆಗೆಸ್ಲಿಲ್ವಾ? ಆ ಜಾಗದಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್ ಕೂರ್ಸವ್ರೆ. ಹೊರಗೆ ಇರೋದು ಬರೀ ಮುಚ್ಚಳ. ನಿಮಗೆ ಹೇಳ್ದೆ, ಫೋನ್ ನೋಡ್ಕಂಡು ಹ್ಞೂಂ ಅಂದ್ರಿ!"

"ಮತ್ತೆ ಮದುವೆ ವಿಡಿಯೊ?"

"ಅದೇ ಅಂಗಡೀಲಿ ಕಾಪಿ ಮಾಡ್ಸಿ ಆ ಡಿಸ್ಕಿಗೇ ಹಾಕ್ಸಿದೀನಿ. ಡಿ ಅಂತ ಕಾಣ್ಸಲ್ವಾ?"

ಎತ್ತಿದ ಬೆರಳು ಗಾಳಿಯಲ್ಲೇ ಉಳಿಯಿತು. ಶೋಭಾ ಅದನ್ನು ನೋಡಿದಳು. ಪರದೆ ನೋಡಿದಳು. ಟೇಬಲ್ಲಿನ ಮೇಲಿದ್ದ ತನ್ನ ಸೀರೆ ಪಿನ್ನು ನೋಡಿದಳು.

"ಎಲ್ಲಿಗೆ ಚುಚ್ಚಿದ್ರಿ ಇದನ್ನ?"

ನಾನು ತೋರಿಸಿದೆ.

"ಅಪ್ಪನಿಗೇ ಚುಚ್ಚಿದೀರಲ್ರೀ!"

ಅತ್ತೆ ಈ ಯಾವುದಕ್ಕೂ ಕಿವಿಗೊಡದೆ, ನನ್ನ ಎಡಗೈಯಲ್ಲಿದ್ದ ಸೀಡಿಯನ್ನು ಇಸಿದುಕೊಂಡು ಬೆಳಕಿಗೆ ತಿರುಗಿಸಿದರು. ಬದುಕೆಲ್ಲ ರೇಷ್ಮೆ ಹುಳ ಸಾಕಿದವರು. ಹುಳ ಗೂಡು ಕಟ್ಟುವ ದುಂಡನೆಯ ಬಿದಿರಿನ ಚಂದ್ರಿಕೆಯೇ ಅವರಿಗೆ ನೆನಪಾಗಿರಬೇಕು.

"ಇಷ್ಟೇ ಇಷ್ಟು ಚಂದ್ರಿಕೇಲಿ ಗೂಡು ಕಟ್ಕಂಡು ಕುಂತವ್ರಾ?" ಅಂದರು, ಮೆಲ್ಲಗೆ.

ಶೋಭಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕುಳಿತಳು. ಡಿ ತೆರೆಯುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿದಳು. ನಾನೂ ಮುಚ್ಚಿದೆ.

ಟಕ್. ಕಿರ್ರ್.

ನಾದಸ್ವರ ಕೇಳಿಸಿತು.

ಶಿಡ್ಲಘಟ್ಟದ ಛತ್ರ. ಜನ. ಜನರ ನಡುವಿನಿಂದ ಮಾವ ನಡೆದು ಬಂದರು: ಹೊಸ ಪಂಚೆ, ಹೆಗಲ ಮೇಲೆ ಟವೆಲ್, ಸದಾ ಯಾವುದೋ ಬಸ್ಸು ತಪ್ಪಿಹೋಗುತ್ತಿರುವಂಥ ನಡಿಗೆ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಅಳಿಯನ ಬಗ್ಗೆ ಎರಡು ಮಾತು ಹೇಳಿ ಅಂತ ವಿಡಿಯೊದವನು ಕೇಳಿದ. (ಈ ಭಾಗವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮದುವೆ ವಿಡಿಯೊದಲ್ಲಿ ಗಂಡು ನೋಡುವುದು ತನ್ನ ಮುಖವಿರುವ ಭಾಗವನ್ನಷ್ಟೆ.)

"ಬಂಗಾರದಂಥ ಅಳಿಯ," ಅಂದರು ಮಾವ. ನಾನು ಎದೆಯುಬ್ಬಿಸಿ ನಿಂತೆ. "ಆದ್ರೆ ಬೆಳಿಗ್ಗೆ ಜನರೇಟರ್ ಸರಿ ಮಾಡ್ತೀನಿ ಅಂತೋಗಿ ಛತ್ರಕ್ಕೆಲ್ಲ ಕತ್ತಲು ಮಾಡ್ಬಿಟ್ಟ. ನಮ್ಮ ಹುಡುಗೀಗೆ ಒಂದು ಮಾತು ಹೇಳ್ಬೇಕು. ಯಾವ ಮಿಷನ್ನೂ ಇವನ ಕೈಗೆ..."

"ಆವಲಪ್ಪಾ, ಎಲೆ ಹಾಕವ್ರೆ!" ಅಂತ ಯಾರೋ ಕೂಗಿದರು. ಮಾವ ಮಾತನ್ನು ಅಲ್ಲೇ ಬಿಟ್ಟು ಹೊರಟುಹೋದರು.

"ನೋಡಮ್ಮ, ಯಾವಾಗ್ಲೂ ಇಷ್ಟೇ," ಅಂದರು ಅತ್ತೆ, ಅಳುತ್ತಾ ನಗುತ್ತಾ. "ಒಂದು ಮಾತಾದ್ರೂ ಪೂರ್ತಿ ಮುಗಿಸಿದ್ದುಂಟಾ? ಇನ್ನೊಂದ್ಸಲ ಕರಿ."

ಶೋಭಾ ಎರಡೂ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಾಪ ಅನ್ನಿಸಿ ನಾನೇ ಮೌಸಿನತ್ತ ಕೈ ಚಾಚಿದೆ. ತಾಯಿ ಮಗಳು ಒಟ್ಟಿಗೇ ಆ ಕೈ ಮೇಲೊಂದು ಏಟು ಬಿಟ್ಟರು.

ಶೋಭಾಳೇ ಮೌಸ್ ಒತ್ತಿದಳು. ಮಾವ ಮತ್ತೆ ಬಂದರು. ಟವೆಲ್ ಕೊಡವಿದರು. ಈ ಸಲ ನನ್ನನ್ನೇ ನೋಡಿಕೊಂಡು, "ಯಾವ ಮಿಷನ್ನೂ ಇವನ ಕೈಗೆ..." ಅಂದವರು, ಎಲೆಯ ಕೂಗು ಕೇಳಿ, "ಬಂದೆ ಕಣಪ್ಪಾ," ಅನ್ನುತ್ತಾ ನಡೆದೇಬಿಟ್ಟರು.