ಸ್ವಿಚ್ಚು ಒಳಗೆ, ಗ್ರೈಂಡರು ಹೊರಗೆ

ಕರೆಂಟಿನ ವಿಷಯದಲ್ಲಿ ನನ್ನಷ್ಟು ಜಾಗರೂಕ ಮನುಷ್ಯ ಠಾಕುರ್ಲಿಯಲ್ಲಿ ಇನ್ನೊಬ್ಬನಿಲ್ಲ. ಮಿಂಚು ಹೊಳೆದರೆ ಟಾರ್ಚನ್ನೂ ಆರಿಸುತ್ತೇನೆ!

ನನ್ನ ಹೆಂಡತಿ ಸುಮತಿ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತಾಳೆ. ಗ್ರೈಂಡರಿನ ಸದ್ದು ತಾಳಲಾರದೆ ಮೇಲಿನ ಮನೆಯ ಹಿರಿಯಾಕೆ ಜೋಶಿ ಕಾಕು ಕಟ್ಟಡದ ಸೊಸೈಟಿಗೆ ದೂರು ಕೊಟ್ಟರು. ಸದ್ದು ನಿಲ್ಲದಿದ್ದರೆ ರುಬ್ಬುವುದನ್ನೇ ನಿಲ್ಲಿಸಬೇಕೆಂದು ಸೆಕ್ರೆಟರಿ ತೀರ್ಪಿತ್ತರು. ಸುಮತಿಯ ಮುಖ ಸಣ್ಣದಾಯಿತು. ನನಗೂ ಸಂಕಟವಾಯಿತು. ನಮ್ಮದು ನೆಲಮಹಡಿ, ಹಿಂದೆ ಅಂಗೈಯಗಲದ ಕೈತೋಟ, ಅದರ ಮೂಲೆಯಲ್ಲೊಂದು ಶೆಡ್ಡು. ಗ್ರೈಂಡರನ್ನು ಅಲ್ಲಿಗೆ ಸ್ಥಳಾಂತರಿಸಿ ವಿದ್ಯುತ್ ಸಂಪರ್ಕ ಕಲ್ಪಿಸುವುದಾಗಿ ಘೋಷಿಸಿದೆ.

ಎಲೆಕ್ಟ್ರಿಷಿಯನ್ ಪೈಪಿನೊಳಗೆ ಕೇಬಲ್ ಹೂತ, ಅರ್ಥಿಂಗ್ ಕೊಟ್ಟ. ನನಗೆ ಸಮಾಧಾನವಾಗಲಿಲ್ಲ. ಒದ್ದೆ ಕೈಯೂ ಸ್ವಿಚ್ಚೂ ಒಂದೇ ಸೂರಿನಡಿ ಇರಕೂಡದು! ಸ್ವಿಚ್ಚನ್ನು ಬೆಡ್‌ರೂಮಿನಲ್ಲಿ ಹಾಕಿಸಿದೆ.

"ನಾನು ಅಲ್ಲಿ, ಸ್ವಿಚ್ಚು ಇಲ್ಲಿ. ಇದೆಂತ ಮಾರಾಯ್ರೆ?" ಎಂದಳು ಸುಮತಿ.

"ನೀನು ಕೂಗು, ನಾನು ಒತ್ತುತ್ತೇನೆ. ಅಷ್ಟೇ!"

ಮರುದಿನ ಬೆಳಿಗ್ಗೆ ಶೆಡ್ಡಿನಿಂದ ಆಜ್ಞೆ ಬಂತು: "ಹಾಕಿ!" ಹಾಕಿದೆ. ಗ್ರೈಂಡರು ಗುಡುಗಿತು. ಆಮೇಲೆ ಅವಳೇನೋ ಕೂಗಿದಳು, ಕೇಳಿಸಲಿಲ್ಲ.

"ಏನಂದೆ?" ಕಿಟಕಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ.

"ನೀರು ಹಾಕ್ಬೇಕು, ಬಂದ್ ಮಾಡಿ!"

"ಏನು?"

ಮೇಲಿನ ಕಿಟಕಿ ಧಡಾರನೆ ತೆರೆಯಿತು. "ಅಹೋ, ಬಂದ್ ಕರಾ!" ಎಂದರು ಜೋಶಿ ಕಾಕು. ಆಜ್ಞೆ ಆಜ್ಞೆಯೇ. ಬಂದ್ ಮಾಡಿದೆ.

ಸುಮತಿ ನೀರು ಹಾಕಿ "ಚಾಲೂ ಮಾಡಿ!" ಎಂದಳು. ಮಾಡಿದೆ. ಎದುರು ವಿಂಗಿನಿಂದ ಯಾರೋ "ಬಂದ್ ಕರೋ ಯಾರ್!" ಎಂದರು. ಮಾಡಿದೆ. ಮೂರನೇ ಮಹಡಿಯಲ್ಲೊಬ್ಬ ತಾಯಿ ಟೀವಿ ಬಂದ್ ಮಾಡೆಂದು ಮಗನನ್ನು ಗದರಿಸಿದಳು. ಅದನ್ನೂ ಪಾಲಿಸಿದೆ!

"ನಿಮ್ಗೆ ತಲೆ ಸಮ ಉಂಟಾ? ಯಾರ ಮಾತು ಕೇಳ್ತಿದ್ದೀರಿ?"

"ಎಲ್ಲರದ್ದೂ!"

ಮಧ್ಯಾಹ್ನವಾದರೂ ಹಿಟ್ಟು ರವೆಯಂತೆಯೇ ಇತ್ತು. ಆಗ ಜೋಶಿ ಕಾಕು ಕೈಮುಗಿದುಕೊಂಡು ಬಾಗಿಲಿಗೆ ಬಂದರು. "ಗ್ರೈಂಡರ್ ಘರಾತಚ್ ಠೇವಾ. ಪಣ್ ಓರಡೂ ನಕಾ!" ಗ್ರೈಂಡರು ಮನೆಯೊಳಗೇ ಇರಲಿ, ಕಿರುಚಾಟವೊಂದು ಬೇಡ. ದೂರನ್ನೂ ಹಿಂದಕ್ಕೆ ಪಡೆದರು.

ಸುಮತಿಯ ಗ್ರೈಂಡರು ಸಕಲ ಗೌರವಗಳೊಂದಿಗೆ ಅಡುಗೆಮನೆಗೆ ಮರಳಿತು. ಕಟ್ಟಡದ ಶಾಂತಿ ಕೆಡಿಸುವ ಯಂತ್ರ ಯಾವುದೆಂದು ಈಗ ಎಲ್ಲರಿಗೂ ಗೊತ್ತಾಗಿರುವುದರಿಂದ, ರುಬ್ಬುವ ಹೊತ್ತಿನಲ್ಲಿ ನನ್ನನ್ನು ಶೆಡ್ಡಿಗೆ ಕಳಿಸುತ್ತಾರೆ. ಅಲ್ಲೊಂದು ಫ್ಯಾನಿದೆ. ಅತ್ಯಂತ ಸುರಕ್ಷಿತ ಫ್ಯಾನು, ಸ್ವಿಚ್ಚು ಬೆಡ್‌ರೂಮಿನಲ್ಲಿ! ಅದು ತಿರುಗಬೇಕಾದರೆ ನಾನು ಹೆಂಡತಿಯನ್ನು ಕೂಗಬೇಕು.

ಕೂಗುವಂತಿಲ್ಲ.