ಮೇಡಂ ಪ್ರೀತಿಸಿದ್ದಾರೆ

ಎಲ್ಲಾ ಶುರುವಾಗಿದ್ದು ಒಂದು ಬಸ್ಸಿನ ಟೈರಿಂದ. ಸ್ಟಾಪ್ ಬಿಟ್ಟು ನೂರು ಮೀಟರ್ ಹೋಗಿರಲಿಲ್ಲ, ಹಿಂದಿನ ಟೈರು ಉಸ್ಸಪ್ಪಾ ಅಂತ ಕೂತುಬಿಡ್ತು. ಕಿಟಕಿಯಿಂದ ಇಣುಕಿ ನೋಡಿದ ಸೋಡಾ, ಟೈರಿಗಿಂತ ಜಾಸ್ತಿ ಗಾಳಿ ತನ್ನದೇ ಹೋಗಿದೆ ಅನ್ನೋ ಥರ ಸೀಟಲ್ಲಿ ಕುಸಿದ.

ಸೋಡಾ ಅನ್ನೋದು ಅಡ್ಡಹೆಸರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸೋದು ಅವನ ಕೆಲಸ. ಅವನು ಸ್ವತಃ ಹಾಕ್ಕೊಂಡಿದ್ದ ಕನ್ನಡಕ ಸೋಡಾ ಬಾಟಲಿ ತಳದಷ್ಟು ದಪ್ಪ. ಹನ್ನೊಂದು ವರ್ಷದಿಂದ ದಿನಾ ಹೋಗೋಕೆ ಎರಡು ಬಸ್, ಬರೋಕೆ ಎರಡು ಬಸ್. ಮನುಷ್ಯ ಬಸ್ಸಿನ ಕಂಬಿ ಥರಾನೇ ಸವೆದುಹೋಗಿದ್ದ. ಈಗ ಓನರ್ ಮೇಡಂ ಎರಡನೇ ಅಂಗಡಿ ತೆಗೀತಿದ್ರು, ಅದೂ ಸೋಡಾನ ಮನೆ ಇರೋ ಬೀದಿಯಲ್ಲೇ. ಹೆಂಡತಿ ಅಡುಗೆಮನೆಯಲ್ಲಿ ಸೀನಿದ್ರೆ ಅಂಗಡಿಗೆ ಕೇಳಿಸುತ್ತೆ, ಅಷ್ಟು ಹತ್ತಿರ. ಅಲ್ಲಿಗೆ ಇನ್‌ಚಾರ್ಜ್ ಯಾರು ಅಂತ ಇವತ್ತು ಸಂಜೆಯೊಳಗೆ ಹೇಳ್ತೀನಿ ಅಂದಿದ್ರು ಮೇಡಂ. ಇವತ್ತೇ ಈ ಟೈರಿಗೆ ಬಂದಿದ್ದು ರೋಗ.

ಸೋಡಾ ಮೆಸೇಜ್ ಹಾಕಿದ: "ಮೇಡಂ, ಬಸ್ ಕೆಟ್ಟಿದೆ, ಹತ್ತು ನಿಮಿಷ ತಡ ಆಗುತ್ತೆ."

ಟಿಂಗ್ ಅಂತ ಉತ್ತರ ಬಂತು.

*ಮೇಡಂ ಪ್ರೀತಿಸಿದ್ದಾರೆ: "ಮೇಡಂ, ಬಸ್ ಕೆಟ್ಟಿದೆ, ಹತ್ತು ನಿಮಿಷ..."*

ಇಲ್ಲೊಂದು ವಿಷಯ ನಿಮ್ಮ ಕಿವಿಗೆ ಮಾತ್ರ ಹಾಕಿಬಿಡಬೇಕು. ಹಿಂದಿನ ದಿನ ಮೇಡಂ ಹೊಸ ಫೋನ್ ತಗೊಂಡಿದ್ರು, ದುಬಾರಿ ಜಾತಿದು. ಸೋಡಾನದು ಸಾದಾ ಜಾತಿ. ಈ ಎರಡು ಜಾತಿ ಫೋನುಗಳು ಜಗಳ ಆದ ಬೀಗರಿದ್ದ ಹಾಗೆ. ಒಬ್ಬರು ಕಣ್ಸನ್ನೆ ಮಾಡಿದ್ರೆ ಇನ್ನೊಬ್ಬರು ಅದಕ್ಕೆ ಭಾಷಣದಷ್ಟು ಅರ್ಥ ಹಚ್ಚಿ ಊರಿಗೆಲ್ಲ ಹೇಳ್ತಾರೆ. ಅಲ್ಲಿ ಮೇಡಂ 'ಸರಿ, ಬಾ' ಅನ್ನೋಕೆ ಅವನ ಮೆಸೇಜಿನ ಮೇಲೆ ಒಂದು ಪುಟಾಣಿ ಹಾರ್ಟ್ ಒತ್ತಿದ್ರೆ, ಇಲ್ಲಿ ಸೋಡಾನ ಫೋನು ಅದನ್ನ ಶುದ್ಧ ಕನ್ನಡಕ್ಕೆ ತರ್ಜುಮೆ ಮಾಡಿ ಎದೆ ಮೇಲೆ ಇಟ್ಟಿತ್ತು.

ಸೋಡಾ ಕನ್ನಡಕ ಒರೆಸಿ ಮತ್ತೆ ಓದಿದ. ಪಕ್ಕದ ಸೀಟಿನ ಅಜ್ಜಿ ಕನ್ನಡಕ ಇಲ್ದೇನೇ ಓದಿ ಮುಗಿಸಿದ್ರು.

"ಯಾರಪ್ಪಾ ಈ ಮೇಡಂ?"

"ನಮ್ಮ ಓನರ್, ಅಜ್ಜಿ."

"ಎಷ್ಟು ವರ್ಷದಿಂದ?"

"ಹನ್ನೊಂದಾಯ್ತು."

"ಪಾಪ, ಇವತ್ತು ಬಾಯಿ ಬಿಟ್ಟಿದ್ದಾಳೆ," ಅಂದ್ರು ಅಜ್ಜಿ. ಏನಾದ್ರೂ ಒಂದು ಉತ್ತರ ಕೊಡು, ಹೆಣ್ಣುಮಕ್ಕಳನ್ನ ಕಾಯಿಸಬಾರದು ಅಂತ ಬುದ್ಧಿನೂ ಹೇಳಿದ್ರು. ಸೋಡಾ ಬೆವರು ಒರೆಸ್ಕೊಳ್ಳೋದ್ರಲ್ಲಿ ಇನ್ನೊಂದು ಟಿಂಗ್.

*ಮೇಡಂ ತೆಗೆದುಹಾಕಿದ್ದಾರೆ: "ಮೇಡಂ, ಬಸ್ ಕೆಟ್ಟಿದೆ, ಹತ್ತು ನಿಮಿಷ..."*

"ನೋಡಿದ್ಯಾ, ತಡ ಮಾಡಿದೆ," ಅಂದ್ರು ಅಜ್ಜಿ.

ಎಂಟೂವರೆಗೆ ಪ್ರೀತಿ, ಎಂಟು ಮೂವತ್ತೆರಡಕ್ಕೆ ಕೆಲಸದಿಂದ ವಜಾ. ಇನ್ನೆರಡೇ ಸ್ಟಾಪ್ ಉಳಿದಿತ್ತು, ಸೋಡಾ ಬಸ್ ಇಳಿದು ಅಂಗಡಿವರೆಗೆ ಓಡಿದ.

ಅಂಗಡಿಯಲ್ಲಿದ್ದೋರು ಇಬ್ಬರು. ಒಬ್ಬಳು ಕೌಂಟರ್ ಅಕ್ಕ. ಸೋಡಾಗಿಂತ ಚಿಕ್ಕವಳಾದ್ರೂ ಊರಿಗೆಲ್ಲ ಅಕ್ಕ. ಇನ್ನೊಬ್ಬ ಕಣ್ಣು ಪರೀಕ್ಷೆ ಮಾಡೋನು. ಅಕ್ಷರದ ಚಾರ್ಟ್ ಮುಂದೆ ನಿಂತೂ ನಿಂತೂ ಅವನಿಗೆ ಚಾರ್ಟ್ ಅಂತಾನೇ ಹೆಸರು. ಮೇಡಂಗೆ ಫೋನ್ ಮಾಡೋಣ ಅಂದ್ರೆ, ಅವರು ಮಂಡಿನೋವಿಗೆ ಬಿಸಿ ಕೊಡಿಸ್ಕೊಳ್ಳೋಕೆ ಹೋಗಿದ್ದಾರೆ, ಹನ್ನೆರಡರ ತನಕ ಕಾಲ್ ಎತ್ತಲ್ಲ ಅಂತ ಗೊತ್ತಾಯ್ತು.

ಚಾರ್ಟ್ ಫೋನನ್ನ ಆರಡಿ ದೂರ ಹಿಡಿದು ಎಡಗಣ್ಣು ಮುಚ್ಚಿ ಒಂದು ಸಲ, ಬಲಗಣ್ಣು ಮುಚ್ಚಿ ಒಂದು ಸಲ ಓದಿದ. ಎರಡೂ ಕಣ್ಣಿಗೂ ಒಂದೇ ಕಾಣ್ತು: ಪ್ರೀತಿ, ಆಮೇಲೆ ವಜಾ. ಪ್ರೀತಿಗೆ ನೀನು ಉತ್ತರ ಕೊಡಲಿಲ್ಲ, ಅದಕ್ಕೇ ಈ ಸೇಡು ಅಂತ ತೀರ್ಪು ಕೊಟ್ಟ. ಕೌಂಟರ್ ಅಕ್ಕನಿಗೂ ಅದೇ ಅನಿಸ್ತು. ಮೇಡಂ ಮನಸ್ಸೂ ನೋಯಬಾರದು, ಕೆಲಸಾನೂ ಹೋಗಬಾರದು, ಹಾಗೆ ಒಂದು ಮೆಸೇಜ್ ಬರೆಸ್ತೀನಿ ಅಂತ ಅವಳೇ ಹೇಳ್ತಾ ಹೋದ್ಲು, ಸೋಡಾ ಹೆಬ್ಬೆರಳಲ್ಲಿ ಒತ್ತುತ್ತಾ ಹೋದ:

"ಮೇಡಂ, ತಮ್ಮ ಭಾವನೆಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ನನಗೆ ಮದುವೆಯಾಗಿದೆ. ದಯವಿಟ್ಟು ಕೆಲಸದಿಂದ ತೆಗೆಯಬೇಡಿ."

ಅಲ್ಲಿ ಮಂಡಿಗೆ ಬಿಸಿ ಪಟ್ಟಿ ಸುತ್ತಿಸ್ಕೊಂಡು ಮಲಗಿದ್ದ ಮೇಡಂ ಇದನ್ನ ಓದಿ, ತಲೆಬುಡ ತಿಳಿಯದೆ, ಒಂದು ಪ್ರಶ್ನೆ ಚಿಹ್ನೆ ಒತ್ತಿದ್ರು. ಇಲ್ಲಿ ಬಂತು:

*ಮೇಡಂ ಪ್ರಶ್ನಿಸಿದ್ದಾರೆ: "...ಆದರೆ ನನಗೆ ಮದುವೆಯಾಗಿದೆ..."*

"ನಂಬ್ತಿಲ್ಲ," ಅಂದ ಚಾರ್ಟ್. "ದಾಖಲೆ ಬೇಕು."

ಸೋಡಾ ಹೆಂಡತಿಗೆ ಫೋನ್ ಮಾಡಿ, ಯಾಕೆ ಏನು ಅಂತ ಕೇಳಬೇಡ, ಗೋಡೆ ಮೇಲಿರೋ ನಮ್ಮ ಮದುವೆ ಫೋಟೋ ತಗೊಂಡು ತಕ್ಷಣ ಅಂಗಡಿಗೆ ಬಾ ಅಂದ. ಅವಳು ಏನೂ ಕೇಳಲಿಲ್ಲ. ಅಷ್ಟು ದೊಡ್ಡ ಫ್ರೇಮನ್ನ ಎದೆಗವಚಿಕೊಂಡು, ಬಸ್ಸಲ್ಲಿ ಎಲ್ಲರೂ ಮೊದಲು ಫೋಟೋ ಆಮೇಲೆ ಅವಳ ಮುಖ ನೋಡ್ತಾ 'ಹೌದು, ಇವಳೇ' ಅಂತ ಖಾತ್ರಿ ಮಾಡ್ಕೊಳ್ಳೋದನ್ನ ಸಹಿಸ್ಕೊಂಡು, ಎರಡು ಬಸ್ ಹತ್ತಿಳಿದು ಹನ್ನೆರಡಕ್ಕೆ ಸರಿಯಾಗಿ ಬಂದ್ಲು. ಮುಖದ ತುಂಬ ನಗು.

"ಇದರ ಗಾಜು ಒಡೆದು ಎರಡು ವರ್ಷ ಆಯ್ತು. ಊರೋರಿಗೆಲ್ಲ ಗಾಜು ಹಾಕ್ತೀರ, ಇದಕ್ಕೊಂದು ಹಾಕೋಕೆ ಇವತ್ತಾದ್ರೂ ನೆನಪಾಯ್ತಲ್ಲ ರೀ," ಅಂದ್ಲು.

ಸೋಡಾ ಬಾಯಿ ತೆಗೆಯೋ ಮೊದಲೇ ಬಾಗಿಲಲ್ಲಿ ಕೋಲಿನ ಸದ್ದಾಯ್ತು. ಅರವತ್ತನಾಲ್ಕು ವಯಸ್ಸಿನ ಮೇಡಂ, ಮಂಡಿಗೆ ಪಟ್ಟಿ ಕಟ್ಕೊಂಡು ಕುಂಟ್ತಾ ಒಳಗೆ ಬಂದ್ರು. ಸೋಡಾ ಎರಡೂ ಕೈಯಲ್ಲಿ ಫೋಟೋ ಎತ್ತಿ ಅವರ ಮುಖಕ್ಕೆ ಹಿಡಿದ.

ಮೇಡಂ ಕನ್ನಡಕ ಏರಿಸಿ ನೋಡಿದ್ರು. "ಹೌದು ಕಣೋ. ನಿನ್ನ ಮದುವೆ. ಹಿಂದಿನ ಸಾಲಲ್ಲಿ ಹಸಿರು ಸೀರೆ ಉಟ್ಕೊಂಡು ನಿಂತಿರೋಳು ನಾನೇ. ಇದನ್ಯಾಕೆ ನನಗೆ ತೋರಿಸ್ತಿದ್ದೀಯ?"

ಆಮೇಲೆ ಎರಡು ಫೋನುಗಳನ್ನೂ ಕೌಂಟರ್ ಮೇಲೆ ಅಕ್ಕಪಕ್ಕ ಮಲಗಿಸಿ ವಿಚಾರಣೆ ಆಯ್ತು. ಒತ್ತಿ ಹಿಡಿದ್ರೆ ಹಾರ್ಟ್ ಬರುತ್ತೆ ಅಂತ ಮೊಮ್ಮಗಳು ಹೇಳಿಕೊಟ್ಟಿದ್ದಂತೆ. ಕೆಲಸದೋರಿಗೆಲ್ಲ ಹಾರ್ಟ್ ಯಾಕೆ ಅಂತ ಮೇಡಂನ ಯಜಮಾನರು ಮುಖ ಸಿಂಡರಿಸಿದ್ರಂತೆ, ಅದಕ್ಕೆ ಆ ಹಾರ್ಟನ್ನ ತೆಗೆದಿದ್ದಂತೆ. ಸೋಡಾನ ಹೆಂಡತಿ ಎಲ್ಲಾ ಕೇಳಿಸ್ಕೊಂಡು, ಹಾಗಾದ್ರೆ ಗಾಜಿಗೋಸ್ಕರ ಕರೆಸಿದ್ದಲ್ಲ ಅಂತ ಒಂದೇ ಮಾತಂದು, ಫೋಟೋನ ಅವನ ಮೇಜಿನ ಮೇಲೆ ಕುಕ್ಕಿ, ಮುಂದಿನ ಬಸ್ಸಿಗೆ ಹೊರಟುಹೋದ್ಲು.

ಮೇಡಂ ಕೂತು, ಕಣ್ಣೀರು ಬರೋವರೆಗೆ ನಕ್ಕು, ಕೊನೆಗೆ ಒಂದು ಸೂತ್ರ ಹೇಳಿಕೊಟ್ರು.

"ನೋಡು ಸೋಡಾ. ಪ್ರೀತಿಸಿ*ದ್ದಾರೆ*, ತೆಗೆದುಹಾಕಿ*ದ್ದಾರೆ*, ಹೀಗೆ 'ದ್ದಾರೆ' ಅಂತ ಬಂದ್ರೆ ಅದು ಫೋನಿನ ಮಾತು, ತಲೆಗೆ ಹಾಕ್ಕೋಬೇಡ. 'ದ್ದೇನೆ' ಅಂತ ಬಂದ್ರೆ ಮಾತ್ರ ನಾನು."

ಕೌಂಟರ್ ಅಕ್ಕನೂ ಅವನ ಫೋನಲ್ಲೇ ಒತ್ತಿ ಹಿಡಿಯೋದು ಹೇಗೆ ಅಂತ ತೋರಿಸಿಕೊಟ್ಲು. ಹೃದಯ, ಹೆಬ್ಬೆರಳು, ಸಾಲಾಗಿ ಪುಟ್ಟ ಮುಖಗಳು. ಮಧ್ಯಾಹ್ನ ಸೋಡಾ ಮೊದಲ ಕೆಲಸ ಅಂತ ಮದುವೆ ಫೋಟೋಗೆ ಹೊಸ ಗಾಜು ಹಾಕಿದ.

ಸಂಜೆ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಫೋಟೋ ಕಂಕುಳಲ್ಲಿ, ಒಂದು ಕೈ ಕಂಬಿ ಮೇಲೆ, ಇನ್ನೊಂದರಲ್ಲಿ ಫೋನು. ಟಿಂಗ್.

"ಹೊಸ ಅಂಗಡಿಗೆ ಇನ್‌ಚಾರ್ಜ್ ಅಂತ ನಿನ್ನ ಹೆಸರು ಬರೆದಿದ್ದೇನೆ. ನಿಭಾಯಿಸ್ತೀಯಾ?"

ದ್ದೇನೆ! ಫೋನಲ್ಲ, ಸಾಕ್ಷಾತ್ ಮೇಡಂ. ಸೋಡಾನ ದಪ್ಪ ಕನ್ನಡಕ ಮಸುಕಾಯ್ತು. ಉದ್ದಕ್ಕೆ ಬರೆಯೋಕೆ ಕೈ ಖಾಲಿ ಇಲ್ಲ. ಖಾಲಿ ಇದ್ದಿದ್ದು ಒಂದು ಹೆಬ್ಬೆರಳು. ಮೆಸೇಜನ್ನ ಒತ್ತಿ ಹಿಡಿದ. ಮುಖಗಳ ಸಾಲಲ್ಲಿ ಎರಡೂ ಕಣ್ಣಿಂದ ದಪ್ಪ ದಪ್ಪ ನೀರು ಸುರಿಸ್ತಿರೋ ಒಂದು ಮುಖ ಕಾಣ್ತು. ಆನಂದಬಾಷ್ಪ ಅಂದ್ರೆ ಇದೇ ಅಂತ ಅದನ್ನೇ ಒತ್ತಿದ.

ಎರಡು ಸ್ಟಾಪ್ ಆದ ಮೇಲೆ ಮತ್ತೆ ಟಿಂಗ್. ಬಸ್ ಕುಲುಕಾಟದಲ್ಲಿ '...ತೆಗೆದುಹಾಕಿ...' ಅಂತ ಕಾಣ್ತು. ಸೋಡಾ ಬಲ್ಲವನ ಥರ ನಕ್ಕ. ಯಜಮಾನರು ಮತ್ತೆ ಮುಖ ಸಿಂಡರಿಸಿರಬೇಕು, ಮೇಡಂ ಇನ್ಯಾವುದೋ ಹಾರ್ಟ್ ತೆಗೆದಿರಬೇಕು. ಅಷ್ಟುದ್ದದ ಪದವನ್ನ ಕೊನೆವರೆಗೆ ಓದೋ ದಡ್ಡ ಅವನೀಗ ಅಲ್ಲ.

ಬೀದಿಗೆ ಕಾಲಿಟ್ಟವನೇ ಮೇಲ್ಮನೆಯೋರಿಗೆ, ಕೆಳಮನೆಯೋರಿಗೆ, ಬೀಗ ಹಾಕಿದ್ದ ಹೊಸ ಅಂಗಡಿಯ ಬಾಗಿಲಿಗೂ ಸುದ್ದಿ ಹೇಳ್ಕೊಂಡು ಮನೆಗೆ ಬಂದ. ಹೊಸ ಗಾಜು ಕಂಡು ಹೆಂಡತಿಯ ಸಿಟ್ಟು ಅರ್ಧ ಇಳೀತು, ಇನ್‌ಚಾರ್ಜ್ ಅಂದಾಗ ಪೂರ್ತಿ ಇಳೀತು. ಎಲ್ಲಿ ತೋರಿಸಿ ಅಂತ ಫೋನ್ ತಗೊಂಡು ಓದಿದ್ಲು.

"ಇದೇನ್ರೀ ಈ ಮುಖ ಕಳಿಸಿದ್ದೀರ? ಇದು ಹೊಟ್ಟೆ ಹಿಡ್ಕೊಂಡು ನಗೋ ಮುಖ."

"ಅಳ್ತಿದೆ ಕಣೆ. ಕಣ್ಣೀರಿಲ್ವಾ?"

"ಬಾಯಿ ನೋಡಿ."

ಸೋಡಾ ಕನ್ನಡಕ ಒರೆಸಿ ಬಾಯಿ ನೋಡಿದ. ಬಾಯಿ ಕಿವಿ ತನಕ ಹೋಗಿತ್ತು. ನಿಭಾಯಿಸ್ತೀಯಾ ಅಂತ ಕೇಳಿದ ಮೇಡಂನ ದುಬಾರಿ ಫೋನಲ್ಲಿ 'ಸೋಡಾ ನಕ್ಕಿದ್ದಾರೆ' ಅಂತ ಬಂದಿರುತ್ತೆ, ಮತ್ತೆ ಈ ಸಲ ಫೋನು ಹೇಳಿದ್ದು ಅಕ್ಷರಶಃ ನಿಜ, ಅನ್ನೋದು ಅವನಿಗೆ ನಿಧಾನಕ್ಕೆ ಹೊಳೀತು.

"ಆದ್ರೂ ಏನೂ ಆಗಿಲ್ಲ ಬಿಡು," ಅಂದ. "ಆಮೇಲೂ ಒಂದು ಬಂದಿದೆ ನೋಡು, 'ತೆಗೆದುಹಾಕಿದ್ದಾರೆ' ಅಂತ. ಅದು ಬರೀ ಹಾರ್ಟು."

ಹೆಂಡತಿ ಬೆರಳಿಟ್ಟು ಓದಿದ್ಲು. "ನಿನ್ನ ಹೆಸರು ತೆಗೆದುಹಾಕಿ..." ಬೆರಳು ಮುಂದೆ ಸರಿಸಿದ್ಲು. "ದ್ದಾರೆ ಅಲ್ಲ ರೀ. ದ್ದೇನೆ."

ಅಷ್ಟರಲ್ಲಿ ಕೌಂಟರ್ ಅಕ್ಕನ ಮೆಸೇಜೂ ಬಂತು: ಹೊಸ ಅಂಗಡಿ ತನಗೆ ಕೊಟ್ಟಿದ್ದಾರೆ, ಅಣ್ಣ ಬೇಜಾರು ಮಾಡ್ಕೋಬಾರದು, ಇನ್ನು ಮೇಲೆ ಅವಳೂ ದಿನಾ ಎರಡು ಬಸ್ ಹಿಡಿದು ಈ ಕಡೆ ಬರಬೇಕಂತೆ.

ಸೋಡಾ ಕೂತು, ಒಂದೊಂದೇ ಅಕ್ಷರ ಒತ್ತಿ ಬರೆದ: "ಮೇಡಂ, ಅದು ಆನಂದಬಾಷ್ಪ ಅಂದ್ಕೊಂಡಿದ್ದೆ. ಕ್ಷಮಿಸಿ. ನಾಳೆಯಿಂದ ಎಂದಿನ ಹಾಗೆ ಎರಡು ಬಸ್ ಹಿಡಿದು ಬರ್ತೀನಿ."

ಟಿಂಗ್.

*ಮೇಡಂ ಪ್ರೀತಿಸಿದ್ದಾರೆ: "...ಎಂದಿನ ಹಾಗೆ ಎರಡು ಬಸ್ ಹಿಡಿದು ಬರ್ತೀನಿ."*

ಸ್ಟೂಲ್ ಮೇಲೆ ನಿಂತು ಫೋಟೋನ ಗೋಡೆಗೆ ಸಿಗಿಸ್ತಿದ್ದ ಹೆಂಡತಿ ತಿರುಗಿ ನೋಡದೇ ಕೇಳಿದ್ಲು, "ಯಾರ್ರೀ ಅದು?"

"ಯಾರೂ ಇಲ್ಲ," ಅಂದ ಸೋಡಾ. "ಫೋನು."