ಅತ್ತೆಯ ತೋಳಿಗೊಬ್ಬ ಕಾವಲುಗಾರ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಂದು ನಾನು ತಿಂದ ಹೋಳಿಗೆ ಮೂರು ಎಂದು ನನ್ನ ದಿನಚರಿಯಲ್ಲಿದೆ. ಡಬ್ಬಿಯಲ್ಲಿ ಉಳಿದದ್ದನ್ನು ನೋಡಿದರೆ ಐದು ಎನ್ನಬೇಕು. ದಿನಚರಿ ಬರೆದವಳೂ ನಾನೇ, ತಿಂದವಳೂ ನಾನೇ. ಇಬ್ಬರಲ್ಲಿ ಯಾರನ್ನು ನಂಬಲಿ?

ಇಷ್ಟಂತೂ ಖಚಿತ: ನಾನು ಧಾರವಾಡದಲ್ಲಿ ಜೀವಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದವಳು. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಿಗೆ ಏನೇ ಆದರೂ ಡಾಕ್ಟರರ ಚೀಟಿ ಮೊದಲು ನನ್ನ ಮುಂದೆ ಬರುತ್ತದೆ. ಹೀಗಿರುವಾಗ ನನ್ನ ಅತ್ತೆ ಗಂಗವ್ವನವರಿಗೆ ಸಕ್ಕರೆ ಕಾಯಿಲೆ ಏರಿತು. ಡಾಕ್ಟರರು ಸಿಹಿ ಬಂದ್ ಮಾಡಿದರು. ಅದೇ ವಾರ ಲಕ್ಷ್ಮೇಶ್ವರದ ಅವರ ತವರುಮನೆಯಲ್ಲಿ ತಮ್ಮನ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ. ಊಟಕ್ಕೆ ಬೆಲ್ಲದ ಗೋಧಿ ಹುಗ್ಗಿ. ಹುಗ್ಗಿ ಎಂದರೆ ಅತ್ತೆಗೆ ಪ್ರಾಣ. ಒಲ್ಲೆ ಎಂದವರಿಗೆ ಇನ್ನೊಂದು ಸವಟು ಹೆಚ್ಚು ಬಡಿಸುವುದು ಆ ಮನೆಯ ಮರ್ಯಾದೆ!

"ಹೋಗಿ ಬರ್ರಿ, ಆದ್ರ ಹುಗ್ಗಿ ಮುಟ್ಟಬ್ಯಾಡ್ರಿ" ಎಂದೆ.

"ಮುಟ್ಟಂಗಿಲ್ಲವ್ವಾ" ಎಂದರು, ಗೋಡೆ ನೋಡುತ್ತ.

ನಾನು ವಿಜ್ಞಾನದ ಮೊರೆಹೋದೆ. ಈಗೊಂದು ಯಂತ್ರ ಬಂದಿದೆ. ದೊಡ್ಡ ಗುಂಡಿಯಷ್ಟು ಗಾತ್ರ. ತೋಳಿಗೆ ಅಂಟಿಸಿದರೆ ಕೂದಲಿನಂಥ ಎಳೆಯೊಂದು ಚರ್ಮದೊಳಗೆ ಕೂತು, ಎರಡು ವಾರ ಬಿಡದೆ ಸಕ್ಕರೆ ಅಳೆದು ಫೋನಿಗೆ ಹೇಳುತ್ತದೆ. ಸಕ್ಕರೆ ಏರಿದರೆ ಫೋನ್ ಚೀರುತ್ತದೆ. ಮನೆಮನೆಯಲ್ಲೊಂದು ಪ್ರಯೋಗಾಲಯ! ತರಿಸಿದೆ. ಡಬ್ಬಿಯಲ್ಲಿ ಎರಡಿದ್ದವು.

ಅತ್ತೆ ತೋಳು ಕೊಡಲಿಲ್ಲ. "ಮದ್ಲ ನೀ ಚುಚ್ಚಿಕೋ. ನೀ ಉಳದ್ರ ಆಮ್ಯಾಲ ನಾ."

ಚುಚ್ಚಿಕೊಂಡೆ. ಉಳಿದೆ. "ಫೋನ್ ಹಿಂಗ ಹಿಡೀಬೇಕ್ರಿ" ಎಂದು ನನ್ನ ತೋಳಿಗೇ ಹಿಡಿದು ತೋರಿಸಿದೆ. ಟಿಣ್ ಎಂದಿತು. ಬಳಿಕ ಅತ್ತೆಗೆ ಅಂಟಿಸಿ ಫೋನ್ ಹಿಡಿದೆ. ಆಗಲೂ ಟಿಣ್ ಎಂದಿತೆಂದು ನನ್ನ ನೆನಪು. ಪರದೆಯ ಮೇಲೆ ಏನೋ ಬರಹ ಬಂತು. ಎಂ.ಎಸ್ಸಿ. ಆದವಳು ಅದನ್ನೆಲ್ಲ ಓದುತ್ತ ಕೂರುವುದೇ? ಒತ್ತಿ ಮುಂದೆ ಹೋದೆ.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಗುಂಡಿ ಒತ್ತುವ ಸಣ್ಣ ಫೋನ್ ಹಿಡಿದು ಬಸ್ ಹತ್ತಿದರು. ಪಕ್ಕದ ಮನೆಯವರು ಕೊಟ್ಟ ಶೇಂಗಾ ಹೋಳಿಗೆಯನ್ನು ನಾನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಅತ್ತೆ ಬರುವುದರೊಳಗೆ ಮನೆಯನ್ನು ಸಿಹಿಮುಕ್ತಗೊಳಿಸುವುದು ಸೊಸೆಯಾದ ನನ್ನ ಕರ್ತವ್ಯ. ತುಪ್ಪ ಹಚ್ಚಿ ಒಂದನ್ನು ವಿಲೇವಾರಿ ಮಾಡಿದೆ.

ಸ್ವಲ್ಪ ಹೊತ್ತಿಗೆ ಫೋನ್ ಚೀರಿತು. ಏರುತ್ತಿದೆ!

ತಕ್ಷಣ ಅತ್ತೆಗೆ ಫೋನ್ ಹಚ್ಚಿದೆ. "ಅತ್ತೀ, ಏನ್ ತಿನ್ನಾಕತ್ತೀರಿ?"

"ಬಸ್ಸಿನ್ಯಾಗ ಅದೀನಿ, ಈಗ ಶಿರಹಟ್ಟಿ ದಾಟ್ತು. ಕಂಡಕ್ಟರ್ ಟಿಕೀಟ್ ಕೊಟ್ಟಾನ. ಅದನ್ನ ತಿನ್ಲೇನು?"

ಎಂಥ ಸುಳ್ಳು! ಬೇಜಾರಿಗೆ ಎರಡನೆಯ ಹೋಳಿಗೆ ತಿಂದೆ.

ಊಟದ ಹೊತ್ತಿಗೆ ನೂರಾ ತೊಂಬತ್ತು. ಇನ್ನು ದಾಕ್ಷಿಣ್ಯವಿಲ್ಲ. ಅತ್ತೆಯ ತಮ್ಮ ಬಸಣ್ಣಮಾವನಿಗೇ ಫೋನ್ ಮಾಡಿದೆ. "ಮಾವಾ, ಅತ್ತಿ ತಾಟಿನ್ಯಾಗಿನ ಹುಗ್ಗಿ ಎತ್ತಿಬಿಡ್ರಿ!"

"ಬಡಿಸಿದ್ದು ಎತ್ತೂ ಪದ್ಧತಿ ನಮ್ಮ ಮನ್ಯಾಗ ಇಲ್ಲವ್ವಾ."

"ಜೀವಕ್ಕ ಬರತೈತ್ರಿ!"

ಎತ್ತಿದರು. ತಾಟು ಸರಿದ ಸದ್ದು ನನಗಿಲ್ಲಿ ಕೇಳಿಸಿತು. ಆಮೇಲೆ ಅತ್ತೆಯ ದನಿ: "ನನ್ನ ತವರಮನಿ ಹುಗ್ಗಿ ಬೆಟಗೇರ್ಯಾಗ ಕುಂತು ಕಸಗೊಂಡಳಲ್ಲೋ ಬಸ್ಯಾ!"

ಮನಸ್ಸಿಗೆ ಹಿಂಸೆಯಾಯಿತು. ಮೂರನೆಯದು ತಿಂದೆ. ಹುಗ್ಗಿ ಎತ್ತಿದ ಮೇಲೂ ಸಕ್ಕರೆ ಏರಿತು! ಹಾಗಾದರೆ ಸೆರಗಿನಲ್ಲಿ ಏನೋ ಇದೆ! "ಮಾವಾ, ಅತ್ತೀನ ಅಂಗಳದಾಗ ಅಡ್ಡಾಡಸ್ರಿ!"

ಇಬ್ಬರು ಹೆಂಗಸರು ಆಚೀಚೆ ರಟ್ಟೆ ಹಿಡಿದು ಅತ್ತೆಯನ್ನು ಅಡ್ಡಾಡಿಸಿದರಂತೆ. ಮಾವ ವರದಿ ಕೊಡುತ್ತಿದ್ದರು. "ಆರು ಸುತ್ತ ಆದೂವವ್ವಾ. ಕುಂಡ್ರತೇನಿ ಅಂತಾಳ."

"ಏಳನೇದ್ದು ಹಾಕಸ್ರಿ. ಇನ್ನೂ ಇಳದಿಲ್ಲ!"

ಅಷ್ಟರಲ್ಲಿ ನಮ್ಮ ಮನೆಯವರು ಊಟಕ್ಕೆ ಬಂದರು. ನನ್ನ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಹೋಳಿಗೆ. "ಯಾರ ಸಕ್ರಿ ಅದು?"

"ನಿಮ್ಮ ಅವ್ವಂದ್ರಿ. ಲಕ್ಷ್ಮೇಶ್ವರದಿಂದ ಗಳಿಗಿಗೊಮ್ಮೆ ಬರಾಕತ್ತೈತಿ. ವಿಜ್ಞಾನ ಎಲ್ಲಿಗೆ ಹೋಗೇತಿ ನೋಡ್ರಿ!"

ಅವರು ಬಿ.ಎ. ಓದಿದವರು. ಯಂತ್ರದ ಡಬ್ಬಿಯ ಜೊತೆ ಬಂದ ಕಾಗದವನ್ನು ಪೂರ್ತಿ ಓದಿದರು.

"ಫೋನಿನಿಂದ ಇಪ್ಪತ್ತು ಅಡಿ ಒಳಗ ಇದ್ರ ಅಷ್ಟ ಕೆಲಸ ಮಾಡತೈತಿ ಅಂತ ಐತಲ್ಲ. ಲಕ್ಷ್ಮೇಶ್ವರ ಯಾವಾಗ ಇಷ್ಟು ಹತ್ರ ಬಂತು?"

ಅವರು ನನ್ನ ತೋಳು ನೋಡಿದರು. ನಾನೂ ನನ್ನ ತೋಳು ನೋಡಿದೆ. ಆಮೇಲೆ ಇಬ್ಬರೂ ಹೋಳಿಗೆ ನೋಡಿದೆವು.

ನಾನು ಓದದೆ ಒತ್ತಿದ ಬರಹ ಆ ಕಾಗದದಲ್ಲೂ ಇತ್ತು: ಈ ಫೋನಿಗೆ ಆಗಲೇ ಒಂದು ಯಂತ್ರ ಜೋಡಣೆಯಾಗಿದೆ. ಅಂದರೆ ನನ್ನದು! ಅತ್ತೆಯದು ಶುರುವೇ ಆಗಿರಲಿಲ್ಲ. ಹೋಳಿಗೆ ತಿಂದವಳು ನಾನು, ಏಳು ಸುತ್ತು ಹಾಕಿದವರು ಅವರು!

ಮತ್ತೆ ಫೋನ್ ಹಚ್ಚಿದೆ. "ಮಾವಾ, ಅತ್ತಿಗೆ ಹುಗ್ಗಿ ಬಡಸ್ರಿ!"

"ಪಾತೇಲಿ ತೊಳದು ಇಟ್ಟೀವವ್ವಾ."

ಆ ವಾರ ಡಾಕ್ಟರರು ನನ್ನ ರಕ್ತ ನೋಡಿ, "ನೀವೂ ಗಡಿ ಮೇಲೆ ನಿಂತೀರಿ. ಈಗ ಗೊತ್ತಾಗಿದ್ದು ಚಲೋ ಆತು" ಎಂದರು. ಗೊತ್ತುಮಾಡಿದ ಕೀರ್ತಿ ಯಂತ್ರಕ್ಕೆ. ಸಿಕ್ಕಿಬಿದ್ದ ಕೀರ್ತಿ ನನಗೆ.

ಈಗ ನನ್ನ ಫೋನ್ ಅತ್ತೆಯ ವಶದಲ್ಲಿದೆ. ಅವರಿಗೆ ಅಕ್ಷರ ಬಾರದಿದ್ದರೂ ಅಂಕಿ ಚೆನ್ನಾಗಿ ಬರುತ್ತದೆ. ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಕೂಗುತ್ತಾರೆ: "ನೂರಾ ಅರವತ್ತು! ಚಾದಾಗ ಸಕ್ರಿ ಹಾಕ್ಕೊಂಡೀ?" ಹೌದು, ಹಾಕಿಕೊಂಡಿರುತ್ತೇನೆ. ಅವರ ತೋಳಿನ ಯಂತ್ರ ಇನ್ನೂ ಮೂಕವಾಗಿಯೇ ಇದೆ. ತೆಗೆಯಲೂ ಬಿಡರು, ಶುರುಮಾಡಲೂ ಬಿಡರು. "ಇರ್ಲಿ ಬಿಡು, ಚಂದ ಕಾಣತೈತಿ."

ಮೊನ್ನೆ ಬಸಣ್ಣಮಾವ ಮಾತಿನ ನಡುವೆ ಬಾಯಿಬಿಟ್ಟರು. ಅಂದು ನಾನು ಎತ್ತಿಸಿದ್ದು ಎರಡನೆಯ ಸಲ ಬಡಿಸಿದ ಹುಗ್ಗಿಯಂತೆ. ಮೂರನೆಯದೂ ಇರಬಹುದು. ಅವರಿಗೂ ನೆನಪಿಲ್ಲ.

ಇಷ್ಟೆಲ್ಲ ವಿಜ್ಞಾನವನ್ನು ಮನೆಗೆ ತಂದದ್ದು ಒಂದೇ ಒಂದು ಪ್ರಶ್ನೆಗಾಗಿ. ಯಂತ್ರ ಉತ್ತರ ಕೊಡಲಿಲ್ಲ. ನಿನ್ನೆ ನಾನೇ ಬಾಯಿಬಿಟ್ಟು ಕೇಳಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನನ್ನ ಅಂಕಿ ನೋಡುತ್ತ ಕೂತರು, ಇವತ್ತೂ ಹಾಗೆಯೇ ಕೂತಿದ್ದಾರೆ.

"ಅತ್ತೀ, ಖರೆ ಹೇಳ್ರಿ. ನಾ ಫೋನ್ ಮಾಡೂದ್ರಾಗ ಎಷ್ಟು ಹುಗ್ಗಿ ಉಂಡಿದ್ರಿ?"